ಬರ ಬಂದರೆ ಘಮ ಜಾಸ್ತಿ ಅನ್ನಬೇಡಿ

ಈಗಷ್ಟೇ ಗಾಂಧಿ ಬಜಾರಿನಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮುಂದೆ ನಿಂತಿದ್ದವರೊಬ್ಬರು ಏಲಕ್ಕಿ ಮೂಸಿ ನೋಡಿ, "ಮಳೆ ಕಮ್ಮಿ ಆದ್ರೆ ಒಳ್ಳೇದೇ ಬಿಡಿ, ಘಮ ಜಾಸ್ತಿ ಬರುತ್ತೆ" ಅಂದರು. ಅಂಗಡಿಯವರೂ ಹೌದು ಹೌದು ಅಂತ ತಲೆಯಾಡಿಸಿದರು.

ನಮ್ಮ ತೋಟ ಸಕಲೇಶಪುರದ ಕಡೆ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಅಂತ ಸರ್ಕಾರ ಘೋಷಿಸಿತ್ತು. ಮುಂದಿನ ಬೇಸಿಗೆ ನಾವು ಇಲ್ಲಿ ಬೆಂಗಳೂರಿನಲ್ಲಿ ನೀರಿನ ಟ್ಯಾಂಕರಿಗೆ ಕಾಯುತ್ತಿದ್ದಾಗ ಅಪ್ಪ ಅಲ್ಲಿ ಏಲಕ್ಕಿ ಬುಡದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಒಳ್ಳೇದಂತೆ!

ಆ ಮಾತಿನಲ್ಲಿ ಒಂದೆಳೆ ನಿಜ ಇದೆ, ಇಲ್ಲ ಅನ್ನಲ್ಲ. ನೀರು ಕಮ್ಮಿಯಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನ್ ಏರುತ್ತದೆ. ಅದು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸುತ್ತದೆ, ಜೊತೆಗೆ ಎಷ್ಟೋ ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಸುಮ್ಮನಾಗಿಸುತ್ತದೆ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರಲ್ಲ, ಬಿಸಿಲು ಮಾತ್ರ ಬೀಳ್ತಾನೇ ಇರುತ್ತದೆ. ಬಳಕೆಯಾಗದೆ ಉಳಿದ ಆ ಶಕ್ತಿಯಲ್ಲಿ ಒಂದಿಷ್ಟು ಟರ್ಪೀನ್‌ನಂಥ ಘಮದ ವಸ್ತುಗಳಿಗೆ ಹೋಗುತ್ತದೆ ಅನ್ನೋದು ಒಂದು ವಿವರಣೆ. ಸೇಜ್ ಅನ್ನೋ ಸೊಪ್ಪಿನ ಗಿಡದಲ್ಲಿ ಹೀಗೆ ಘಮದ ಎಣ್ಣೆಯ ಪ್ರಮಾಣ ಏರಿದ್ದನ್ನು ಅಳೆದು ನೋಡಿದ್ದಾರೆ. ಕೆಲವು ಮೆಣಸಿನಕಾಯಿ ತಳಿಗಳಲ್ಲೂ ಖಾರ ಏರುತ್ತದೆ.

ಆದರೆ ಅದು ಪ್ರತಿ ಗ್ರಾಂ ಲೆಕ್ಕ ಕಣ್ರೀ! ಎಣ್ಣೆ ಕಾಲುಭಾಗ ಜಾಸ್ತಿಯಾಗಿ ಫಸಲು ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಒಟ್ಟು ಎಣ್ಣೆ ಕಮ್ಮಿಯೇ ಆಯಿತಲ್ವಾ? ಅದೂ ಸ್ವಲ್ಪ ಬಾಯಾರಿದ ಗಿಡದ ಮಾತು. ಬರ ಬಿಗಿದರೆ ಗಿಡಕ್ಕೆ ಉಸಿರು ಉಳಿಸಿಕೊಳ್ಳೋದೇ ಕಷ್ಟ, ಘಮ ಎಲ್ಲಿಂದ ಕಟ್ಟುತ್ತೆ?

ಇನ್ನು ಏಲಕ್ಕಿ. ಅದು ಮಳೆಕಾಡಿನ ನೆರಳಲ್ಲಿ ಬೆಳೆದ ಗಿಡ, ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಸಿನಿಯೋಲ್, ಟರ್ಪಿನೈಲ್ ಅಸಿಟೇಟ್ ಅಂತ ಅದರ ಘಮದ ಮುಖ್ಯ ವಸ್ತುಗಳೆಲ್ಲ ಬೀಜದೊಳಗೆ ಕೂರಬೇಕು. ಬೇಸಿಗೆಯಲ್ಲಿ ಶರವೇ, ಅಂದರೆ ಹೂಗೊಂಚಲೇ, ಒಣಗಿಹೋದರೆ ಕಾಯಿಯೇ ಕಟ್ಟಲ್ಲ.

ಸಿಟ್ಟು ಇಷ್ಟು ಬಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ಆ ಬೇಸಿಗೆ ನಾನೂ ಫೋನಿನಲ್ಲಿ ಅಪ್ಪನಿಗೆ ಇದನ್ನೇ ಹೇಳಿದ್ದೆ. ಸಮಾಧಾನ ಮಾಡೋಣ ಅಂತ, "ಉಳಿದ ಕಾಯಿ ಒಳ್ಳೇ ಘಮ ಇರುತ್ತಪ್ಪ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಿ ಟ್ಯಾಂಕರ್ ಬಂತಾ?" ಅಂತ ಕೇಳಿದರು.