ಹಳೇ ಕಾಗದದ ಮೇಲಿನ ನಾಲ್ಕು ಸಾಲು ಬಿಡಬೇಡಿ

ಅಜ್ಜ-ಅಜ್ಜಿಯರ ಕಾಗದಗಳನ್ನು ಸ್ಕ್ಯಾನ್ ಮಾಡಿ ಟೈಪ್ ಮಾಡುವವರು ಈಗ ಹೆಚ್ಚಾಗಿದ್ದಾರೆ. ಸಂತೋಷ. ಆದರೆ ‘ಉಭಯ ಕುಶಲೋಪರಿ ಸಾಂಪ್ರತ’ (ಎರಡೂ ಕಡೆ ಕ್ಷೇಮ, ಇನ್ನು ವಿಷಯಕ್ಕೆ ಬರೋಣ) ಎಂಬಲ್ಲಿಯವರೆಗಿನ ಭಾಗವನ್ನು ಬರೀ ಒಕ್ಕಣೆ ಅಂತ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅರ್ಧ ಸಮಾಚಾರ ಇರುವುದೇ ಅಲ್ಲಿ.

‘ತೀರ್ಥರೂಪು’ ಅಂದರೆ ಹೆತ್ತ ತಂದೆ. ‘ತೀರ್ಥರೂಪು ಸಮಾನರಾದ’ ಅಂದರೆ ಮಾವನೋ ದೊಡ್ಡಪ್ಪನೋ ಇರಬೇಕು. ಆ ಒಂದು ‘ಸಮಾನ’ ಬಿಟ್ಟರೆ ವಂಶವೃಕ್ಷವೇ ತಪ್ಪುತ್ತದೆ. ‘ಮಾಡುವ ಸಾಷ್ಟಾಂಗ ನಮಸ್ಕಾರಗಳು’ ಇದ್ದರೆ ಬರೆದವರು ಕಿರಿಯರು, ‘ಮಾಡುವ ಆಶೀರ್ವಾದಗಳು’ ಇದ್ದರೆ ಹಿರಿಯರು. ಹೆಣ್ಣುಮಕ್ಕಳ ಹೆಸರಿನ ಹಿಂದೆ ‘ಸೌ||’, ಅಂದರೆ ಸೌಭಾಗ್ಯವತಿ, ಇದ್ದರೆ ಆಗ ಗಂಡ ಬದುಕಿದ್ದಾನೆ. ಉತ್ತರ ಕರ್ನಾಟಕದ ಕಾಗದಗಳಲ್ಲಿ ‘ಗಂ.ಭಾ.’ ಕಂಡರೆ, ಅದು ಗಂಗಾ ಭಾಗೀರಥಿ, ಆಕೆ ವಿಧವೆ. ಹೀಗೆ ಹೆಂಗಸರಿಗೆ ಹಣೆಪಟ್ಟಿ ಹಚ್ಚಿದ್ದು ನನಗೆ ಒಪ್ಪಿಗೆಯಿಲ್ಲ. ಆದರೂ ಟೈಪ್ ಮಾಡುವಾಗ ಅದನ್ನು ಅಳಿಸಬಾರದು.

ತಾರೀಖಿನಲ್ಲಿ ಎಡವುವವರು ಬಹಳ. ‘ಶಾರ್ವರಿ ಸಂ|| ಚೈತ್ರ ಶು|| ೫’ (ಶಾರ್ವರಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ) ಅಂತಷ್ಟೇ ಇದ್ದರೆ ಅದು 1900 ಆಗಬಹುದು, 1960 ಕೂಡ ಆಗಬಹುದು, ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದಲ್ಲ. ಆಗ ಕಾಗದ ತಿರುಗಿಸಿ, ಅಂಚೆ ಮುದ್ರೆ ನೋಡಿ. ಮುದ್ರೆ ಅಳಿಸಿದ್ದರೆ ಅಂಚೆಚೀಟಿಯ ಬೆಲೆ ನೋಡಿ: ಆಣೆಯಲ್ಲಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು.

‘ಕೂಡಲೇ ಹೊರಟು ಬರುವುದು’, ‘ಆರೋಗ್ಯ ಜೋಪಾನ ಮಾಡಿಕೊಳ್ಳುವುದು’ ಇಂಥ ಸಾಲು ಓದಿ, ತಾತ ಎಷ್ಟು ಬಿಗಿ ಮನುಷ್ಯ ಅನ್ನುತ್ತಾರೆ ಮೊಮ್ಮಕ್ಕಳು. ಅಲ್ಲ. ‘ಬಾ’ ಅಂದರೆ ಸಲಿಗೆ ಹೆಚ್ಚಾಯಿತು, ಬೆಳೆದ ಮಗನಿಗೆ ‘ಬನ್ನಿ’ ಅನ್ನಲಾಗದು. ಆ ‘ವುದು’ ಎರಡರ ನಡುವೆ ಮರ್ಯಾದೆ ಉಳಿಸುತ್ತಿತ್ತು. ಇನ್ನು ಅಂಚೆ ಕಾರ್ಡಿನಲ್ಲಿ ‘ಮಿಕ್ಕ ವಿಷಯ ಮುಖತಃ’ ಎಂದಿದ್ದರೆ ಅಲ್ಲೇನೋ ಇದೆ ಅಂತಲೇ ತಿಳಿಯಿರಿ. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು, ಹಾಗಾಗಿ ಸಾಲ, ಜಗಳ, ಮುರಿದ ಸಂಬಂಧ ಯಾವುದನ್ನೂ ಅದರಲ್ಲಿ ಬರೆಯುತ್ತಿರಲಿಲ್ಲ.

ಕಟ್ಟಿನಲ್ಲಿ ಸಾವಿನ ಕಾಗದ ಒಂದೂ ಸಿಗದಿದ್ದರೆ ಯಾರೂ ತಿಳಿಸಲಿಲ್ಲ ಅಂದುಕೊಳ್ಳಬೇಡಿ. ಅಶುಭದ ಕಾಗದಕ್ಕೆ ಮೇಲೆ ‘ಶ್ರೀ’, ‘ಕ್ಷೇಮ’ ಹಾಕುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಓದಿದ ತಕ್ಷಣ ಅದನ್ನು ಹರಿದುಹಾಕಿ ಸ್ನಾನ ಮಾಡುತ್ತಿದ್ದರು. ಆ ತಾರೀಖುಗಳಿಗೆ ಮನೆಯ ಶ್ರಾದ್ಧದ ತಿಥಿ ಕೇಳಿ ಬರೆದುಕೊಳ್ಳಿ, ತಿಥಿ ಬಲ್ಲ ಹಿರಿಯರು ಇನ್ನೂ ಇರುವಾಗಲೇ.