ತೂತು ಒಂದೇ ಇದ್ರೆ ಆಯ್ತಾ ಭಾವ?

ಮೈಕ್, ಹೆಡ್‌ಫೋನನ್ನ ಕಂಪ್ಯೂಟರ್‌ಗೆ ಸೇರಿಸೋ ಈ ಎಕ್ಸ್‌ಟರ್ನಲ್ ಸೌಂಡ್ ಕಾರ್ಡ್ ಬಾಕ್ಸ್ ಮೇಲೆ ವಿಂಡೋಸ್‌ಗೂ ಆಗುತ್ತೆ ಮ್ಯಾಕ್‌ಗೂ ಆಗುತ್ತೆ ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರಲ್ಲ, ಅದರ ಪಕ್ಕದಲ್ಲೇ ಒಂದು ಪುಟಾಣಿ ನಕ್ಷತ್ರ ಇರುತ್ತೆ ನೋಡಿದೀರಾ? ಆ ನಕ್ಷತ್ರದ ಜಾಡು ಹಿಡಿದು ಹೋದ್ರೆ ಬಾಕ್ಸ್ ತಳದಲ್ಲಿ, ಬಾರ್‌ಕೋಡ್ ಸಂದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳು. ಯಾವ ವಿಂಡೋಸ್, ಅದರಲ್ಲೂ ಯಾವ ವರ್ಷನ್, ಯಾವ ಪ್ರೊಸೆಸರ್, ಕಾರ್ಡನ್ನ ಕಂಪ್ಯೂಟರ್‌ಗೆ ಪರಿಚಯ ಮಾಡಿಸೋ ಡ್ರೈವರ್ ಸಾಫ್ಟ್‌ವೇರ್ ಬೇರೆ ಡೌನ್‌ಲೋಡ್ ಮಾಡ್ಕೋಬೇಕು, ಒಂದು ತೂತನ್ನ ನಾಲ್ಕು ಮಾಡೋ ಹಬ್‌ಗೆ ಹಾಕಿದ್ರೆ ನಾವು ಜವಾಬ್ದಾರರಲ್ಲ. ಆಗುತ್ತೆ ಅನ್ನೋದು ದೊಡ್ಡದಾಗಿ, ಆಗಲ್ಲ ಅನ್ನೋದೆಲ್ಲ ಭೂತಗನ್ನಡಿಯಲ್ಲಿ.

ನಮ್ಮ ಭಾವಂಗೆ ಮಾತ್ರ ಈ ತಲೆನೋವೇ ಇಲ್ಲ. ಅವರ ಸಿದ್ಧಾಂತ ಒಂದೇ, "ಯುಎಸ್‌ಬಿ ತಾನೇ? ತೂತು ಒಂದೇ ಇದ್ರೆ ಆಯ್ತು, ಆಗುತ್ತೆ ಬಿಡೋ." ಆಗ್ಲಿಲ್ಲ ಅಂದ್ರೆ ತೂತಿಗೆ ಬಾಯಿಟ್ಟು ಉಫ್ ಅಂತ ಊದ್ತಾರೆ. ಭಾವ, ಈ ಯುಎಸ್‌ಬಿ-ಸಿ ತೂತು ನೋಡೋಕೆ ಒಂದೇ ತರ, ಒಳಗಡೆ ಬರೀ ಯುಎಸ್‌ಬಿ 2.0 ಇರಬಹುದು, ಅದಕ್ಕಿಂತ ಜೋರಾದ ಥಂಡರ್‌ಬೋಲ್ಟ್ ಇರಬಹುದು, ಪಕ್ಕದಲ್ಲಿ ಮಿಂಚಿನ ಗುರುತಿದ್ರೆ ಸಾಮಾನ್ಯವಾಗಿ ಥಂಡರ್‌ಬೋಲ್ಟು, ಥಂಡರ್‌ಬೋಲ್ಟ್ ಮಾತ್ರ ಗೊತ್ತಿರೋ ಕಾರ್ಡನ್ನ ಮಾಮೂಲಿ ಸಿ ತೂತಿಗೆ ಹಾಕಿದ್ರೆ ನೀಟಾಗಿ ಕೂತ್ಕೊಳ್ಳುತ್ತೆ, ಆದ್ರೆ ಕಂಪ್ಯೂಟರ್‌ಗೆ ಅದು ಕಾಣೋದೇ ಇಲ್ಲ ಅಂತ ನಾನು ಉಸಿರು ಬಿಡದೆ ಹೇಳಿ ಮುಗಿಸೋಷ್ಟರಲ್ಲಿ ಅವರು ಊದಿ ಆಗಿತ್ತು.

ಹಾಕಿದ್ವಿ. ಕಾರ್ಡಲ್ಲಿ ಲೈಟ್ ಬಂತು. "ನೋಡು!" ಅಂದ್ರು ಭಾವ. ಲೈಟ್ ಬರೋದಕ್ಕೆ ಕರೆಂಟ್ ಸಾಕು ಸ್ವಾಮಿ, ಅವರು ಎಲ್ಲಿಂದಲೋ ಎತ್ಕೊಂಡು ಬಂದಿದ್ದು ಬರೀ ಚಾರ್ಜಿಂಗ್ ಕೇಬಲ್ಲು, ಒಳಗೆ ಡೇಟಾ ತಂತಿನೇ ಇಲ್ಲ. ಹೊರಗಿಂದ ನೋಡಿದ್ರೆ ಎರಡೂ ಕೇಬಲ್ ಅವಳಿ ಜವಳಿ. ಇದನ್ನ ಕೇಬಲ್ ಮೇಲೆ ಒಂದು ಪದ ಬರೆದು ಹೇಳೋಕೆ ಯಾರಿಗೂ ಏನೂ ಖರ್ಚಿಲ್ಲ, ಆದ್ರೂ ಬರೆಯಲ್ಲ.

ಕೇಬಲ್ ಬದಲಾಯಿಸಿದ ಮೇಲೆ ಕಾರ್ಡ್ ಕಾಣಿಸ್ತು. ಆದ್ರೆ ಹಬ್ ಮೂಲಕ ಹಾಕಿದ್ರು ಭಾವ, ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟಿನ ಬಟನ್ ಒತ್ತಿದ್ದೇ ತಡ ಕಾರ್ಡ್ ಮಾಯ. ಯುಎಸ್‌ಬಿ 2.0 ಪೋರ್ಟ್ ಕೊಡೋದೇ 5 ವೋಲ್ಟು, 500 ಮಿಲಿಆಂಪ್. ಅಷ್ಟರಲ್ಲೇ ಕಾರ್ಡ್ ತಾನೂ ಬದುಕಿ ಆ 48 ವೋಲ್ಟನ್ನೂ ಹುಟ್ಟಿಸಬೇಕು. ಹಬ್‌ಗೆ ಸ್ವಂತ ಅಡಾಪ್ಟರ್ ಇಲ್ಲ, ಅದೇ ಕರೆಂಟಲ್ಲಿ ಪೆನ್‌ಡ್ರೈವ್, ಮೌಸು, ಜೊತೆಗೆ ಭಾವನ ಫೋನ್ ಚಾರ್ಜ್ ಬೇರೆ ಆಗ್ತಿತ್ತು.

ಹಬ್ ತೆಗೆದು ನೇರ ಹಾಕಿದ್ವಿ, ಭಾವ ಮೈಕ್ ಮುಂದೆ ಕೂತ್ರು, "ಹಲೋ ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ." ಸ್ಕ್ರೀನ್ ಮೇಲೆ ಹಸಿರು ಪಟ್ಟಿ ಕುಣೀತು. ಭಾವ ಖುಷಿಯಲ್ಲಿ ಒಂದು ಸಣ್ಣ ಭಾಷಣಾನೇ ಮಾಡಿಬಿಟ್ರು, ಮಾನ್ಯ ಅಧ್ಯಕ್ಷರೇ ಅಂತ ಶುರುಮಾಡಿ. ಒಳಗಿಂದ ಅಕ್ಕ "ಅದೇನ್ರೀ ಬೆಳಗ್ಗೆ ಬೆಳಗ್ಗೆ ಕಿರುಚಾಟ" ಅಂದ್ಲು. ಪ್ಲೇ ಮಾಡಿ ಕೇಳಿದ್ರೆ ಅಕ್ಕನ ಬೈಗುಳ ಸ್ಪಷ್ಟ, ಲ್ಯಾಪ್‌ಟಾಪ್ ಫ್ಯಾನ್ ಸದ್ದು ಇನ್ನೂ ಸ್ಪಷ್ಟ, ಮಾನ್ಯ ಅಧ್ಯಕ್ಷರು ಮಾತ್ರ ಎಲ್ಲೋ ಬಾವಿಯೊಳಗೆ. "ಎಷ್ಟು ಸೆನ್ಸಿಟಿವ್ ಮೈಕ್ ನೋಡೋ, ಒಳಮನೆ ಮಾತನ್ನೂ ಹಿಡಿದಿದೆ!"

ನಂಗೆ ಅನುಮಾನ. ಮೈಕ್ ತಲೆ ಮೇಲೆ ಉಗುರಲ್ಲಿ ಮೆಲ್ಲಗೆ ಕೆರೆದೆ, ಪಟ್ಟಿ ಅಲ್ಲಾಡ್ಲಿಲ್ಲ. ಲ್ಯಾಪ್‌ಟಾಪ್ ಮೈ ಕೆರೆದೆ, ಕೆಂಪಿಗೆ ಹಾರಿತು. ಕಾರ್ಡ್ ಹಾಕಿದ್ರೂ ಇನ್‌ಪುಟ್‌ನಲ್ಲಿ ಲ್ಯಾಪ್‌ಟಾಪಿನ ಒಳಗಿನ ಮೈಕೇ ಸೆಲೆಕ್ಟ್ ಆಗಿ ಕೂತಿತ್ತು ಭಾವ, ಇಷ್ಟೊತ್ತು ಕೇಳಿಸ್ಕೊಂಡಿದ್ದು ಅದು ಅಂದೆ. ಭಾವ ಒಪ್ತಾರಾ? ಪರೀಕ್ಷೆ ಮಾಡ್ತೀನಿ ಅಂತ ಮೈಕಿಂದ ವಯರನ್ನೇ ಕಿತ್ತು, ಬೋಳು ಮೈಕನ್ನ ಬಾಯಿಗೆ ಹಿಡಿದು, "ಹಲೋ ಹಲೋ" ಅಂದ್ರು. ಪಟ್ಟಿ ಕುಣೀತು. ನನ್ನ ಕಡೆ ತಿರುಗಿ ಹೇಳಿದ್ರು, "ನೋಡ್ದಾ, ವಯರ್ ಇಲ್ದೇನೂ ಕೆಲಸ ಮಾಡುತ್ತೆ!"

ಇದಕ್ಕೆ ಏನು ಉತ್ತರ ಕೊಡೋದು ಹೇಳಿ.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಇನ್ನೊಂದು ವರಸೆ. ಹೆಡ್‌ಫೋನಲ್ಲಿ ಅವರ ಮಾತು ಅವರಿಗೇ ಒಂದು ಚೂರು ತಡವಾಗಿ ಕೇಳಿ ಭಾವ ತೊದಲೋಕೆ ಶುರು ಮಾಡಿದ್ರು, ಬಫರ್, ಅಂದ್ರೆ ಸದ್ದನ್ನ ಒಂದು ಚೂರು ಕೂಡಿಟ್ಟು ಕಳಿಸೋ ಜಾಗ, 1024 ಇತ್ತು, 128ಕ್ಕೆ ಇಳಿಸಿದ್ರೆ ಪಟಪಟ ಅಂತ ಸದ್ದು. ಕಂಪನಿಯವರ ಡ್ರೈವರ್ ಹಾಕಿದ ಮೇಲೇನೇ ಅದು ಸುಮ್ಮನಾಗಿದ್ದು. ಹಾಗೆ ನೋಡಿದ್ರೆ ಯುಎಸ್‌ಬಿ ಆಡಿಯೋದ ಎರಡನೇ ಸ್ಟ್ಯಾಂಡರ್ಡಿನ ಕಾರ್ಡು ಕಂಪನಿ ಡ್ರೈವರ್ ಇಲ್ದೇ ಬರೀ ಸದ್ದು ಹೊರಡಿಸೋಕೂ ವಿಂಡೋಸಲ್ಲಿ ಬಹಳ ಕಾಯಬೇಕಾಯ್ತು. ಆ ಸ್ಟ್ಯಾಂಡರ್ಡನ್ನ ಮ್ಯಾಕ್ 2010ರಲ್ಲೇ ಕಲಿತುಕೊಳ್ತು, ವಿಂಡೋಸ್ 10ಕ್ಕೆ ಬಂದಿದ್ದು 2017ರ 1703 ಅಪ್‌ಡೇಟಲ್ಲಿ. ಅದಕ್ಕಿಂತ ಹಳೇ ವಿಂಡೋಸ್ ಇದ್ರೆ ಅಂಥ ಕಾರ್ಡಿಗೆ ಕಂಪನಿ ಡ್ರೈವರೇ ಗತಿ, ಕಂಪನಿ ಡ್ರೈವರ್ ಬರೆಯೋದು ನಿಲ್ಲಿಸಿದ್ರೆ ಅದೂ ಇಲ್ಲ. ನನ್ನ ಬೀರುವಲ್ಲಿ ಒಂದು ಫೈರ್‌ವೈರ್ ಕಾರ್ಡ್ ಇದೆ, ಯುಎಸ್‌ಬಿ ಅಲ್ಲ, ಬೇರೆ ತರದ ಹಳೇ ತೂತಿನದು. ಒಂದು ಗುಂಡಿ ಸಡಿಲ ಆಗಿಲ್ಲ, ಒಂದು ಗೀರಿಲ್ಲ, ಎಷ್ಟೋ ರಾತ್ರಿ ಅದರ ಮುಂದೆ ಕೂತು ಹಾಡಿದೀನಿ. ಈಗಿನ ಲ್ಯಾಪ್‌ಟಾಪಲ್ಲಿ ಆ ತೂತೇ ಇಲ್ಲ, ನನ್ನ ವಿಂಡೋಸ್‌ಗೆ ಅದರ ಡ್ರೈವರೂ ಇಲ್ಲ. ಕೆಟ್ಟಿದ್ರೆ ಎಸೀಬಹುದಿತ್ತು. ಹಳೇ ಡೆಸ್ಕ್‌ಟಾಪ್ ಹಿಂದೆ ಮೂರು ಬಣ್ಣದ ತೂತು ಇರ್ತಿತ್ತಲ್ಲ, ಗುಲಾಬಿ ಮೈಕ್‌ಗೆ, ಹಸಿರು ಸ್ಪೀಕರ್‌ಗೆ, ನೀಲಿ ಲೈನ್ ಇನ್, ಮೇಜಿನ ಕೆಳಗೆ ತೂರಿ ಬಣ್ಣಕ್ಕೆ ಬಣ್ಣ ಸೇರಿಸಿದ್ರೆ ಸಾಕಿತ್ತು. ಬಹುಶಃ ಭಾವ ಇನ್ನೂ ಅಲ್ಲೇ ಇದಾರೆ, ನಾನು ಸುಮ್ಮನೆ ಅವರನ್ನ ಬೈಕೊಂಡೆ ಅನ್ಸುತ್ತೆ.

ಹಾಗಂತ ಮೃದುವಾಗೋ ಹಾಗೂ ಇಲ್ಲ. ಎಲ್ಲ ಸರಿಹೋಯ್ತು, ಇನ್ನೇನು ನಾನು ರೆಕಾರ್ಡ್ ಒತ್ತಬೇಕು, ಭಾವ ಲ್ಯಾಪ್‌ಟಾಪಿಂದ ಕೇಬಲ್ ಕಿತ್ತು ತಮ್ಮ ಫೋನ್ ತಿರುಗಿಸಿ ಬುಡ ನೋಡ್ತಿದಾರೆ.

"ಇದ್ರಲ್ಲೂ ಸಿ ತೂತೇ ಇದೆಯಲ್ಲೋ!"

ಊದೋಕೆ ಬಾಯಿ ಬೇರೆ ಹತ್ರ ತಗೊಂಡು ಹೋದ್ರು.