ತೋಟದ ಬೂಷ್ಟು, ಎದೆಗೂಡಿನ ಬೂಷ್ಟು

ಬೆಳಿಗ್ಗೆಯ ಕೋಪ ಇನ್ನೂ ಇಳಿದಿಲ್ಲ. ಬರೆದು ಹಾಕಿಬಿಡುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಕೊಡಗಿನ ಸಿದ್ದಾಪುರದ ಕಡೆ ಪರಿಚಯದವರ ರೋಬಸ್ಟಾ ಕಾಫಿ ತೋಟಕ್ಕೆ ಹೋಗಿದ್ದೆ. ಕಾಯಿಕೊರಕ ಹುಳಕ್ಕೆ ಬಿವೇರಿಯಾ, ಅಂದರೆ ಹುಳ ಕೊಲ್ಲುವ ಬೂಷ್ಟು, ಹೊಡೆಸುತ್ತಿದ್ದರು. ನೋಡಿ ಖುಷಿಯಾಯಿತು. ಕಳೆದ ಸಲ ಹೊಡೆದ ಗಿಡದಲ್ಲಿ ಒಂದು ಕಾಯಿ ಕಿತ್ತು ತೋರಿಸಿದರು. ಕಾಯಿಯ ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು, ತೂತಿನ ಬಾಯಲ್ಲಿ ಸತ್ತ ಹುಳ. ಎಳ್ಳಿಗಿಂತ ಚಿಕ್ಕ ಕಪ್ಪು ಹುಳ, ಮೈ ತುಂಬಾ ಬಿಳಿ ಬೂಷ್ಟು. ಆ ಬಿಳಿಯೇ ಬಿವೇರಿಯಾ.

ಅದಾದ ಮೇಲೆ ಡ್ರಮ್ಮಿನ ಹತ್ತಿರ ಬಂದೆವು. ಬಿವೇರಿಯಾ ಪುಡಿ ಕಲಸಿ ಆಗಿತ್ತು. ಹಿಂದೆಯೇ ಅದೇ ಡ್ರಮ್ಮಿಗೆ ಎಲೆ ತುಕ್ಕು ರೋಗಕ್ಕೆ ಹೊಡೆಯುವ ಹೆಕ್ಸಾಕೊನಜೋಲ್ ಸುರಿದರು. "ಎರಡೆರಡು ಸಲ ಕೂಲಿ ಕೊಡೋಕಾಗುತ್ತಾ, ಒಟ್ಟಿಗೇ ಆಗಿಬಿಡಲಿ" ಅಂದರು. ಕೂಲಿಯ ಕಷ್ಟ ನನಗೂ ಗೊತ್ತು. ಆದರೆ ಬಿವೇರಿಯಾ ಜೀವ ಇರುವ ಶಿಲೀಂಧ್ರ, ಅಂದರೆ ಬೂಷ್ಟು. ಹೆಕ್ಸಾಕೊನಜೋಲ್ ಇರುವುದೇ ಶಿಲೀಂಧ್ರ ಕೊಲ್ಲಲಿಕ್ಕೆ. ದುಡ್ಡು ಕೊಟ್ಟು ತಂದದ್ದನ್ನು ದುಡ್ಡು ಕೊಟ್ಟೇ ಸಾಯಿಸುತ್ತಿದ್ದೀರಿ ಅಂತ ಹೇಳಿದೆ. ಅವರ ಮುಖ ಸಪ್ಪಗಾಯಿತು. ಜೊತೆಗಿದ್ದ ಇನ್ನೊಬ್ಬರು ಬಿಡಲಿಲ್ಲ. "ನೀವು ಇಷ್ಟು ವರ್ಷ ಬೂಷ್ಟಿನ ಜೀನ್ ಓದಿದಿರಿ. ಅದರಿಂದ ತೋಟಕ್ಕೇನು ಬಂತು, ರೋಗಿಗೇನು ಬಂತು?"

ಕೋಪ ಬಂದದ್ದು ಈ ಮಾತಿಗೆ. ತೋಟದ ಬೂಷ್ಟು ತೋಟದವರಿಗೆ, ಆಸ್ಪತ್ರೆಯ ಬೂಷ್ಟು ಡಾಕ್ಟರಿಗೆ, ಎರಡನ್ನೂ ಸೇರಿಸಿ ನೋಡುವವನು ಕೆಲಸ ಇಲ್ಲದವನು. ಹೀಗೇ ಅಲ್ವಾ ನಮ್ಮಲ್ಲಿ ನಡೆಯುತ್ತಿರುವುದು?

ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಅಂತ ಒಂದು ಶಿಲೀಂಧ್ರ ಇದೆ. ಕೊಳೆತ ಎಲೆ, ಗೊಬ್ಬರದ ಗುಂಡಿ, ಕಾಫಿ ಸಿಪ್ಪೆಯ ರಾಶಿ ಅದಕ್ಕೆ ಒಳ್ಳೆಯ ಜಾಗ. ಅದರ ಬೀಜಕಣ ನಾವು ದಿನವೂ ಉಸಿರಾಡುತ್ತೇವೆ. ಆರೋಗ್ಯ ಸರಿಯಿದ್ದರೆ ಏನೂ ಆಗುವುದಿಲ್ಲ. ಶಕ್ತಿ ಕುಂದಿದವರಲ್ಲಿ, ಟಿಬಿ ಬಂದು ಹೋದ ಶ್ವಾಸಕೋಶದಲ್ಲಿ ಅದು ಬೇರೂರುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಗುಂಪಿನ ನಾಲ್ಕರಲ್ಲಿ ಇದೂ ಒಂದು.

ಇದರ ವಿರುದ್ಧ ನಮ್ಮ ಮೈ ಹೇಗೆ ಹೋರಾಡುತ್ತದೆ ಅನ್ನುವುದರ ಒಂದು ದೊಡ್ಡ ಸುಳಿವು ಸಿಕ್ಕಿದ್ದು ನೊಣದಿಂದ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ ಹಣ್ಣಿನ ನೊಣದ 'ಟೋಲ್' ಜೀನ್ ಕೆಟ್ಟರೆ ಏನಾಗುತ್ತದೆ ಅಂತ ನೋಡಿತು. ಆ ನೊಣಗಳು ಇದೇ ಆಸ್ಪರ್ಜಿಲ್ಲಸ್ ತಗಲಿ ಸತ್ತವು. ಅದೇ ಬಗೆಯ ಜೀನ್‌ಗಳು ನಮ್ಮ ಮೈಯಲ್ಲೂ ಕಾವಲು ಕಾಯುತ್ತವೆ ಅಂತ ಆಮೇಲೆ ತಿಳಿಯಿತು. 2011ರಲ್ಲಿ ಹಾಫ್‌ಮನ್ ಅವರಿಗೆ ನೊಬೆಲ್ ಬಂತು. ನಮ್ಮ ಭಾಗಮಂಡಲದ ಕಡೆ ಜೇನು ಸಾಕುವವರಿಗೆ ಕಾಟ ಕೊಡುವ ಮೇಣದ ಹುಳ ಇದೆಯಲ್ಲ, ಮನುಷ್ಯರಿಗೆ ರೋಗ ತರುವ ಶಿಲೀಂಧ್ರದ ಯಾವ ಜೀನ್ ಎಷ್ಟು ಅಪಾಯಕಾರಿ ಅಂತ ಲ್ಯಾಬುಗಳಲ್ಲಿ ಆ ಹುಳದ ಮೇಲೂ ಪರೀಕ್ಷೆ ಮಾಡುತ್ತಾರೆ. ಹುಳದ ರೋಗ ಬೇರೆ, ಮನುಷ್ಯನ ರೋಗ ಬೇರೆ ಅನ್ನುವವರಿಗೆ ಇನ್ನೇನು ಹೇಳಲಿ?

ಈಗ ಡ್ರಮ್ಮಿನ ವಿಷಯ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಅನ್ನುವ ಕೊಬ್ಬು ಬೇಕು. ಅದನ್ನು ತಯಾರಿಸುವ ಒಂದು ಕಿಣ್ವವನ್ನು ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ತಡೆಯುತ್ತವೆ. ಆಸ್ಪತ್ರೆಯಲ್ಲಿ ಕೊಡುವ ವೊರಿಕೊನಜೋಲ್, ಇಟ್ರಾಕೊನಜೋಲ್ ತಡೆಯುವುದೂ ಅದೇ ಕಿಣ್ವವನ್ನು. ಮನೆಗೂ ಗೋದಾಮಿಗೂ ಒಂದೇ ಬೀಗ ಹಾಕಿದ ಹಾಗೆ. ಗೋದಾಮಿನಲ್ಲಿ ಬೀಗ ತೆಗೆಯಲು ಕಲಿತವನಿಗೆ ಮನೆ ಕಷ್ಟವಾ?

ತೋಟದ ಆಸ್ಪರ್ಜಿಲ್ಲಸ್ ಆಗಲೇ ಕಲಿತಾಗಿದೆ. ಆ ಕಿಣ್ವದ ಜೀನ್ ಹೆಸರು ಸಿವೈಪಿ51ಎ. ಔಷಧಿಗೆ ಬಗ್ಗದ ತಳಿಗಳಲ್ಲಿ ಈ ಜೀನ್‌ನ ಮುಂದಿರುವ 34 ಡಿಎನ್‌ಎ ಅಕ್ಷರಗಳ ತುಂಡು ಎರಡು ಸಲ ಬರುತ್ತದೆ, ಜೀನ್‌ನ ಒಳಗೂ ಒಂದು ಅಕ್ಷರ ಬದಲಾಗಿರುತ್ತದೆ. ಮೊದಲು ಇದು ನೆದರ್ಲೆಂಡ್ಸ್‌ನಲ್ಲಿ ಸುದ್ದಿಯಾಯಿತು. ಮಾತ್ರೆಯನ್ನೇ ನುಂಗದ ರೋಗಿಗಳಲ್ಲೂ ಇದೇ ತಳಿ ಸಿಕ್ಕಾಗ ಎಲ್ಲರ ಕಣ್ಣು ಹೊಲದ ಔಷಧಿಯ ಕಡೆ ತಿರುಗಿತು. 2012ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನವರು ನಮ್ಮ ದೇಶದಲ್ಲೂ ತೋರಿಸಿದರು. ಭತ್ತದ ಗದ್ದೆ, ಟೀ ತೋಟದ ಮಣ್ಣಿನಲ್ಲೂ ರೋಗಿಗಳಲ್ಲೂ ಅದೇ ತಳಿ. ಜೀನ್ ಓದದೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ಇದು ನನಗೆ ಬರೀ ಓದಿನ ವಿಷಯ ಅಲ್ಲ. ದೊಡ್ಡಪ್ಪನಿಗೆ ಹರೆಯದಲ್ಲಿ ಟಿಬಿ ಬಂದಿತ್ತು ಅಂತ ಹತ್ತಿರದವರಿಗೆ ಗೊತ್ತು. ವಾಸಿಯಾಗಿ ಎಷ್ಟೋ ವರ್ಷದ ಮೇಲೆ ಒಂದು ದಿನ ಕೆಮ್ಮಿನಲ್ಲಿ ರಕ್ತ ಬಂತು. ಸ್ಕ್ಯಾನಿನಲ್ಲಿ ಹಳೆಯ ಗಾಯದ ಪೊಳ್ಳಿನೊಳಗೆ ಬೂಷ್ಟಿನ ಉಂಡೆ. ಆಸ್ಪರ್ಜಿಲ್ಲಸ್. ತಿಂಗಳುಗಟ್ಟಲೆ ಮಾತ್ರೆ ನುಂಗಿದರು, ದೇವರ ದಯೆ, ಮಾತ್ರೆ ಹಿಡಿಯಿತು. ಈಗಲೂ ಕಣದಲ್ಲಿ ನಿಂತು ಕಾಫಿ ಹರವಿಸುತ್ತಾರೆ. ಆ ಮಾತ್ರೆ ಕೆಲಸ ಮಾಡದೇ ಹೋಗಿದ್ದರೆ? ಡ್ರಮ್ಮಿನ ಪಕ್ಕ ನಿಂತಾಗ ನನಗೆ ಭಯ ಆದದ್ದು ಅದಕ್ಕೆ.

"ಹಾಗಾದರೆ ಎಲೆ ತುಕ್ಕು ಬಂದರೆ ಕೈಕಟ್ಟಿ ಕೂರಬೇಕಾ?" ಅಂತ ಕೇಳುತ್ತೀರಿ. ಬೇಡ. ಅರೇಬಿಕಾಕ್ಕೆ ತುಕ್ಕು ರೋಗದ ಕಾಟ ಜಾಸ್ತಿ, ಒಪ್ಪುತ್ತೇನೆ. ನಮ್ಮ ಅಜ್ಜಂದಿರು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆದೇ ತೋಟ ಉಳಿಸಿಕೊಂಡರು. ಬೋರ್ಡೋಗೂ ಆಸ್ಪತ್ರೆಯ ಮಾತ್ರೆಗೂ ಯಾವ ನಂಟೂ ಇಲ್ಲ. ತುಕ್ಕಿನ ತಂಟೆಯೇ ಕಡಿಮೆ ಇರುವ ರೋಬಸ್ಟಾಕ್ಕೆ ಪಕ್ಕದ ತೋಟದವರು ಹೊಡೆದರು ಅಂತ ಸುಮ್ನೆ ಹೊಡೆಯುವುದನ್ನು ಮಾತ್ರ ಒಪ್ಪಲಾರೆ. ಕೂಲಿ ಉಳಿಸಲು ಬಿವೇರಿಯಾ ಜೊತೆ ಸುರಿಯುವುದನ್ನಂತೂ ಯಾವ ಲೆಕ್ಕದಲ್ಲೂ ಒಪ್ಪಲಾರೆ. ಎರಡು ಸಲದ ಕೂಲಿ ಕೊಡಲು ಆಗದಿದ್ದರೆ ಹೆಕ್ಸಾಕೊನಜೋಲ್ ಬಿಡಿ, ಬಿವೇರಿಯಾ ಹೊಡೆಯಿರಿ.

ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿದೆ. ಎರಡರ ನಡುವೆ ಹೆಚ್ಚು ದೂರ ಇಲ್ಲ. ತೋಟಗಳ ಮಣ್ಣಿನ ಆಸ್ಪರ್ಜಿಲ್ಲಸ್, ರೋಗಿಗಳ ಕಫದ ಆಸ್ಪರ್ಜಿಲ್ಲಸ್ ಎರಡರ ಜೀನ್ ಪಕ್ಕಪಕ್ಕ ಇಟ್ಟು ನೋಡಿ ಅಂತ ಬೆಳೆಗಾರರೇ ಸೇರಿ ಅರ್ಜಿ ಕೊಡೋಣ. ಕರಡು ನಾನು ಬರೆಯುತ್ತೇನೆ. ಸಹಿ ಹಾಕುವವರು ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ತೋಟದಲ್ಲಿ ಈ ವರ್ಷ ಯಾವ ಔಷಧಿ, ಯಾವ ತಿಂಗಳು ಹೊಡೆದಿರಿ ಅನ್ನುವುದನ್ನೂ ಬರೆದು ಕಳಿಸಿ. ಅರ್ಜಿಯ ಜೊತೆ ಅದೂ ಹೋಗಲಿ.